ಬೋಳು ದಂಡೆ

ಅಜ್ಜಂಪುರದ ಕಡೆ ಗದ್ದೆಗೆ ಹೊಂಗೆ ಸೊಪ್ಪು ಹಾಕದ ರೈತನಿಲ್ಲ. ಮೀನಾಕ್ಷಮ್ಮ ಮಾತ್ರ ಏಳು ವರ್ಷ ತನ್ನ ಹಳ್ಳದ ದಂಡೆಯ ಹೊಂಗೆಯಲ್ಲಿ ಒಂದು ರೆಂಬೆ ಮುರಿಯಲಿಲ್ಲ, ಯಾರಿಗೂ ಮುರಿಯಗೊಡಲಿಲ್ಲ. ಅದಕ್ಕೇ ನಾದಿನಿ ಮಾತು ಬಿಟ್ಟಳು. ಬಿಡಲಿ ಎಂದಳು ಮೀನಾಕ್ಷಮ್ಮ.

ಉಳುವ ನೆಲದಲ್ಲೇ ಮೂವತ್ತು ಅಡಿ ಬಿಡಿಸಿ ಆ ಗಿಡ ನೆಡಿಸಿದವನು ಹಸಿರು ಕ್ರೆಡಿಟ್ ಕಂಪನಿಯ ಓಂಕಾರೇಶ್. "ದಂಡೆ ಹಸಿರಾದ್ರೆ ಅದಕ್ಕೆ ಸಿಗೋ ಕ್ರೆಡಿಟ್ ನಿಮ್ದೇ ಕಣಮ್ಮಾ. ಬೇರೆ ಕಡೆ ಹಳ್ಳ ಕೆಡಿಸಿದ ಕಾರ್ಖಾನೆಯೋರು ಅದನ್ನ ದುಡ್ಡು ಕೊಟ್ಟು ಕೊಂಡ್ಕೋತಾರೆ" ಎಂದು ಅವಳ ಮನೆಯ ಮುದ್ದೆ ಉಂಡು ಹೇಳಿದ್ದ.

ಇವತ್ತು ಅವನೇ ಬಂದು ನಿಂತ. "ರೂಲ್ಸ್ ಬದಲಾಗಿದೆ ಕಣಮ್ಮಾ. ಮರ ಇರೋ ದಂಡೆ ಲೆಕ್ಕಕ್ಕೆ ಬರಲ್ಲ, ಹೊಸದಾಗಿ ನೆಡೋಕೆ ಬೋಳು ದಂಡೆನೇ ಆಗ್ಬೇಕು."

ಬೋಳಾಗಿದ್ದದ್ದು ಎದುರು ದಡದ ಗುರುಮೂರ್ತಿಯದು. ನೀರಿನ ಅಂಚಿನವರೆಗೂ ಶುಂಠಿ ಹಾಕಿ, ಮಣ್ಣನ್ನೆಲ್ಲ ಹಳ್ಳದ ಪಾಲು ಮಾಡಿದವನನ್ನೇ ಕಂಪನಿ ಆರಿಸಿಕೊಂಡಿತ್ತು.

ಮೀನಾಕ್ಷಮ್ಮ ಸೂರಿನಲ್ಲಿ ಸಿಕ್ಕಿಸಿದ್ದ ಮಚ್ಚು ಹಿರಿದಳು. "ಹಂಗಾರೆ ನಂದೂ ಬೋಳು ಮಾಡ್ತೀನಿ ಬಿಡಪ್ಪಾ!"

"ಅಯ್ಯೋ, ಸ್ವಲ್ಪ ತಡೀರಮ್ಮಾ!" ಓಂಕಾರೇಶ್ ಕಂಕುಳಲ್ಲಿದ್ದ ಖಾಲಿ ಚೀಲಗಳನ್ನು ಬಿಡಿಸಿದ. "ಗುರುಮೂರ್ತಿಯೋರ ದಂಡೆಗೆ ಸಸಿ ಮಾಡ್ಬೇಕು. ನಿಮ್ ಮರದ ಬೀಜ ಬಡಿದು ಉದುರಿಸ್ಕೊಂಡ್ಬಿಡ್ತೀವಿ, ಆಮೇಲೆ ಕಡೀರಿ."