ಕೊಳವೆ ಅಣ್ಣನಿಗೆ, ಕಾಲು ತಮ್ಮನಿಗೆ

ಪಾಲು ಮಾಡಲು ಕೂತವರಲ್ಲಿ ಒಬ್ಬರಿಗೂ ಟೆಲಿಸ್ಕೋಪ್ ಎಂದರೆ ಏನೆಂದು ಗೊತ್ತಿರಲಿಲ್ಲ. ಗದ್ದೆ, ತೆಂಗಿನ ತೋಟ, ಹೋಟೆಲು, ಅಮ್ಮನ ಕಬ್ಬಿಣದ ಕಪಾಟು, ಎರಡು ತಾಮ್ರದ ಹಂಡೆ ಎಲ್ಲ ಮುಗಿದ ಮೇಲೆ ಜಗಲಿಯ ಮೂಲೆಯಲ್ಲಿ ಅದೊಂದು ಉಳಿದಿತ್ತು. ನನಗೆ ಬೇಕು ಎಂದ ಅಣ್ಣ. ನನಗೂ ಬೇಕು ಎಂದ ತಮ್ಮ. ಸೋದರಮಾವ ಎದ್ದು ಹೋಗಿ ಅದನ್ನು ಸುತ್ತ ಬಂದು ನೋಡಿದರು, ಬೆರಳಿನಿಂದ ತಟ್ಟಿದರು. ಮೇಲಿನ ಮೂರಡಿ ಕೊಳವೆ ಬೇರೆ, ಕೆಳಗಿನ ಮೂರು ಕಾಲಿನ ಸ್ಟ್ಯಾಂಡು ಬೇರೆ, ಎರಡನ್ನೂ ಬಿಚ್ಚಬಹುದು ಎಂದು ತಿಳಿದದ್ದೇ ಅವರ ಮುಖ ಅರಳಿತು. ಕೊಳವೆ ಅಣ್ಣನಿಗೆ, ಕಾಲು ತಮ್ಮನಿಗೆ ಎಂದು ತೀರ್ಮಾನ ಹೇಳಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು. ಕೊಳವೆಯ ಹಿಂದೆ ಸಿಕ್ಕಿಸುವ ಕ್ಯಾಮೆರಾ ಕೊಳವೆಯ ಜೊತೆಗೇ ಹೋಯಿತು. ಒಬ್ಬನಿಗೆ ಎತ್ತು, ಇನ್ನೊಬ್ಬನಿಗೆ ನೊಗ ಕೊಟ್ಟಂತಾಯಿತು.

ಆಗ ಯಾರಾದರೂ ಒಬ್ಬರು ನಕ್ಕುಬಿಟ್ಟಿದ್ದರೆ ಮುಗಿದೇ ಹೋಗುತ್ತಿತ್ತು. ಉಮಾನಾಥನಿಗೆ ನಗು ಬಂದದ್ದೂ ನಿಜ. ತಮ್ಮನೂ ನಗುತ್ತಿದ್ದಾನೆಯೇ ಎಂದು ಓರೆಗಣ್ಣಿನಲ್ಲಿ ನೋಡಿದ. ಸುಶಾಂತ್ ನೆಲ ನೋಡುತ್ತ ಕೂತಿದ್ದ. ತಾನೇ ಮೊದಲು ನಗುವುದಕ್ಕೆ ಉಮಾನಾಥನಿಗೇನು ಗತಿ ಕೆಟ್ಟಿತ್ತೇ? ಬಂದ ನಗುವನ್ನು ನುಂಗಿಕೊಂಡ.

ತಮ್ಮ ಅವನಿಗಿಂತ ಹನ್ನೆರಡು ವರ್ಷ ಚಿಕ್ಕವ. ಅಪ್ಪ ತೀರಿಕೊಂಡಾಗ ಇನ್ನೂ ಅಂಗನವಾಡಿಗೆ ಹೋಗುತ್ತಿದ್ದ. ಹೆಗಲ ಮೇಲೆ ಹೊತ್ತು ತಿರುಗಿದ್ದು, ಶಾಲೆಗೆ ಸೇರಿಸಿದ್ದು, ತ್ರಾಸಿಯಲ್ಲಿ ಹೆದ್ದಾರಿ ಬದಿಗೆ ಹೋಟೆಲು ಹಾಕಿ ಕೌಂಟರಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡಿದ್ದು ಎಲ್ಲ ಉಮಾನಾಥನೇ. ಆಕಾಶದ ಹುಚ್ಚು ಮಾತ್ರ ತಮ್ಮನಿಂದ ಅಣ್ಣನಿಗೆ ಹತ್ತಿದ್ದು. ಮೊದಲು ಚಂದ್ರನ ಗುಂಡಿಗಳನ್ನು ನೋಡಿದರು, ಆಮೇಲೆ ಶನಿಯ ಬಳೆ. ಅದೂ ಹಳತಾದ ಮೇಲೆ ನೀಹಾರಿಕೆಗಳ ಫೋಟೋ ತೆಗೆಯಲು ಹೊರಟರು.

ನೀಹಾರಿಕೆ ಸುಲಭವಾಗಿ ಕಣ್ಣಿಗೆ ಕಾಣುವಂಥದ್ದಲ್ಲ. ಹುಟ್ಟುವ, ಸಾಯುವ ನಕ್ಷತ್ರಗಳ ಸುತ್ತ ಹರಡಿದ ಮೋಡ ಅದು. ಅದರ ಬೆಳಕು ನಮ್ಮವರೆಗೆ ಬರುವಾಗ ಇದ್ದೂ ಇಲ್ಲದಷ್ಟಾಗಿರುತ್ತದೆ. ಅದಕ್ಕೇ ಕ್ಯಾಮೆರಾದ ಬಾಗಿಲನ್ನು ಐದೈದು ನಿಮಿಷ ತೆರೆದಿಟ್ಟು, ಒಂದರ ಮೇಲೊಂದು ಫೋಟೋ ತೆಗೆದು, ವರ್ಷಗಟ್ಟಲೆ ಬೆಳಕು ಕೂಡಿಡಬೇಕು. ಆ ಹೊತ್ತಿಗೆ ಆಕಾಶ ಸುಮ್ಮನಿರುವುದಿಲ್ಲ, ಪಶ್ಚಿಮಕ್ಕೆ ಜಾರುತ್ತಲೇ ಇರುತ್ತದೆ. ಕಾಲಿನ ಒಳಗಿರುವ ಮೋಟಾರು ಕೊಳವೆಯನ್ನು ಆಕಾಶದ ಜೊತೆಗೇ ಮೆಲ್ಲನೆ ತಿರುಗಿಸಬೇಕು. ಕಾಲಿಲ್ಲದಿದ್ದರೆ ನಕ್ಷತ್ರಗಳೆಲ್ಲ ಗೀಟುಗಳಾಗುತ್ತವೆ, ಕೊಳವೆಯಿಲ್ಲದಿದ್ದರೆ ಏನೂ ಆಗುವುದಿಲ್ಲ.

ಅವರಿಬ್ಬರೂ ಹಿಡಿದದ್ದು ಮಹಾವ್ಯಾಧನ, ಅಂದರೆ ಓರಿಯನ್ನಿನ, ಸೊಂಟದ ಮೂರು ನಕ್ಷತ್ರಗಳಲ್ಲಿ ಕೊನೆಯದರ ಪಕ್ಕದ ಕುದುರೆ ತಲೆ ಎಂಬ ನೀಹಾರಿಕೆಯನ್ನು. ಕೆಂಪು ಮೋಡದ ಮುಂದೆ ಕಪ್ಪು ಕುದುರೆಯೊಂದು ಕತ್ತು ಚಾಚಿದಂತೆ ಇರುತ್ತದೆ. ಚಳಿಗಾಲದ ಅಮಾವಾಸ್ಯೆಗಳಲ್ಲಿ, ಹೋಟೆಲಿನ ಹಿಂದಿನ ಮನೆಯ ತಾರಸಿಯ ಮೇಲೆ ಕೆಲಸ. ಮಂಡಿಯೂರಿ ಕೂತು ಕಾಲನ್ನು ಧ್ರುವ ನಕ್ಷತ್ರಕ್ಕೆ ಹೊಂದಿಸುವುದು ಸುಶಾಂತನ ಪಾಲು, ಕೊಳವೆ ಮತ್ತು ಕ್ಯಾಮೆರಾ ಉಮಾನಾಥನ ಪಾಲು. ಕ್ಯಾಮೆರಾ ತೆರೆದಿರುವಾಗ ಓಡಾಡಿದರೆ ತಾರಸಿ ಅದುರುತ್ತದೆಂದು ಇಬ್ಬರೂ ಎದುರುಬದುರು ಕೂತುಬಿಡುತ್ತಿದ್ದರು. ಆ ಐದೈದು ನಿಮಿಷಗಳಲ್ಲಿ ಅವರು ಆಡದ ಮಾತಿರಲಿಲ್ಲ. ಸುಶಾಂತ್ ತಾನು ಮದುವೆಯಾಗಬೇಕೆಂದಿರುವ ಹುಡುಗಿಯ ಸುದ್ದಿ ಎತ್ತಿದ್ದು ಅಲ್ಲಿ. ಮಕ್ಕಳಾಗಲಿಲ್ಲವೆಂಬ ಸಂಕಟವನ್ನು ಉಮಾನಾಥ ಜೀವಮಾನದಲ್ಲಿ ಒಂದೇ ಸಲ ಬಾಯಿಬಿಟ್ಟು ಹೇಳಿದ್ದೂ ಅಲ್ಲೇ. ಮೂರು ಚಳಿಗಾಲದಲ್ಲಿ ಹತ್ತೊಂಬತ್ತು ಗಂಟೆಯ ಬೆಳಕು ಕೂಡಿತು. ಮೂವತ್ತಾದರೆ ಕುದುರೆಯ ಕಿವಿಯೂ ಕಾಣುತ್ತದೆ ಎಂದು ತಮ್ಮ ಹೇಳುತ್ತಿದ್ದ.

ಅಷ್ಟರಲ್ಲಿ ಹೆದ್ದಾರಿ ಅಗಲವಾಯಿತು. ನಿಲ್ಲುತ್ತಿದ್ದ ಕಾರುಗಳು ನಿಲ್ಲದೆ ಹಾರಿಹೋಗತೊಡಗಿದವು. ಉಮಾನಾಥ ಲಾರಿಯಷ್ಟು ಉದ್ದದ ಎಲ್‌ಇಡಿ ಬೋರ್ಡು ಹಾಕಿಸಿದ. ಅದು ಉರಿಯತೊಡಗಿದ ದಿನದಿಂದ ತಾರಸಿಯ ಮೇಲಿನ ಆಕಾಶ ಮಜ್ಜಿಗೆ ನೀರಾಯಿತು. ಅಮಾವಾಸ್ಯೆ ದಿನ ಮಾತ್ರ ಏಳರಿಂದ ಒಂಬತ್ತರವರೆಗೆ ಬೋರ್ಡು ಆರಿಸಿ ಎಂದು ತಮ್ಮ ಕೇಳಿದ. ಎರಡು ಸಲ ಕೇಳಿದ. ಮೂರನೆಯ ಸಲ ಕೇಳುವಾಗ ಊಟದ ಹೊತ್ತು, ಹೋಟೆಲಿನ ತುಂಬ ಜನ.

“ನಿನ್ನ ನೀಹಾರಿಕೆ ಇಲ್ ಬಂದ್ ಊಟ ಮಾಡುದಿಲ್ಲೆ” ಎಂದ ಉಮಾನಾಥ. “ಇಷ್ಟ್ ವರ್ಷ ನಿನ್ನ ಹೊಟ್ಟಿಗ್ ಹಾಕಿದ್ದ್ ನಾನ್, ಆಕಾಶ ಅಲ್ಲ.”

ಮೊದಲನೆಯ ಮಾತಿಗೆ ಗಿರಾಕಿಗಳೆಲ್ಲ ನಕ್ಕಿದ್ದರು. ಎರಡನೆಯದಕ್ಕೆ ಯಾರೂ ನಗಲಿಲ್ಲ. ಸುಶಾಂತ್ ಕೈಯಲ್ಲಿದ್ದ ಬಿಲ್ಲು ಪುಸ್ತಕ ಮೇಜಿನ ಮೇಲಿಟ್ಟು ಹೊರಗೆ ನಡೆದ. ತಿಂಗಳೊಳಗೆ ಪಾಲಾಯಿತು. ತೋಟ ಸಿಕ್ಕ ತಮ್ಮ ಹೆಂಡತಿ ಶರಣ್ಯಾಳನ್ನು ಕರೆದುಕೊಂಡು ಬೈಂದೂರಿಗೆ ಹೋಗಿ ಮನೆ ಕಟ್ಟಿಕೊಂಡ.

ತ್ರಾಸಿಯಿಂದ ಬೈಂದೂರಿಗೆ ಎಷ್ಟು ದೂರ? ಕಾರಿನಲ್ಲಿ ಅರ್ಧ ಗಂಟೆ. ಅದನ್ನು ದಾಟಲು ಅಣ್ಣ ತಮ್ಮಂದಿರಿಗೆ ಐದು ವರ್ಷ ಸಾಲಲಿಲ್ಲ. ಮದುವೆ ಮನೆಗಳಲ್ಲಿ ಬೇರೆ ಬೇರೆ ಪಂಕ್ತಿಯಲ್ಲಿ ಕೂತರು. ಒಬ್ಬನ ಎದುರು ಇನ್ನೊಬ್ಬನ ಹೆಸರೆತ್ತಿದರೆ ಮುಖ ಗಂಟಾಗುತ್ತದೆಂದು ನೆಂಟರೂ ಸುಮ್ಮನಾದರು. ಇಂಥ ವಿಷಯದಲ್ಲಿ ನೆಂಟರಿಗೆ ಬುದ್ಧಿ ಬೇಗ ಬರುತ್ತದೆ.

ಹೊಸ ಕಾಲು ತರಿಸುವುದು ಉಮಾನಾಥನಿಗೆ ದೊಡ್ಡ ವಿಷಯವಾಗಿರಲಿಲ್ಲ. ತರಿಸಲಿಲ್ಲ. ತರಿಸಿದರೆ ತಮ್ಮನ ಕಾಲು ಬೇಡವೆಂದು ಹೇಳಿದ ಹಾಗಾಗುತ್ತದೆ. ಕೊಳವೆಯನ್ನು ಉಗ್ರಾಣದಲ್ಲಿ ಸಕ್ಕರೆ ಮೂಟೆಗಳ ಪಕ್ಕ ಇಟ್ಟ. ಕಡಲ ತಂಡಿ ತಾಗದ ಜಾಗ ಹೋಟೆಲಿನಲ್ಲಿ ಅದೊಂದೇ. ಗಾಜಿಗೆ ಬೂಸ್ಟು ಹಿಡಿಯದಂತೆ ವಾರಕ್ಕೊಮ್ಮೆ ತಾನೇ ಒರೆಸಿದ.

ಇನ್ನೊಂದು ಕೆಲಸವನ್ನೂ ಮಾಡಿದ, ಯಾರಿಗೂ ಹೇಳದೆ. ಪಾಲಾದ ಮೊದಲ ಚಳಿಗಾಲದಿಂದಲೇ ಅಮಾವಾಸ್ಯೆಯ ಸಂಜೆ ಹೋಟೆಲು ಮುಚ್ಚತೊಡಗಿದ. ಆರೂವರೆಗೆ ಶಟರು ಎಳೆಯುವುದು, ಬೋರ್ಡು ಆರಿಸುವುದು, ಅಂಗಳದ ಮತ್ತು ಹಿಂದಿನ ಮನೆಯ ದೀಪಗಳನ್ನೂ ಆರಿಸುವುದು. ಕೆಲಸದವರು ಕೇಳಿದಾಗ ಹರಕೆ ಎಂದ. ನಮ್ಮ ಯಜಮಾನರಿಗೆ ಭಕ್ತಿ ಬಂದಿದೆ ಎಂದು ಅವರು ಬೆನ್ನ ಹಿಂದೆ ನಕ್ಕರು. ಅವನು ಕೊಳವೆ ಹೊತ್ತು ತಾರಸಿಗೆ ಹೋಗಿ, ಅದನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಒಂಬತ್ತರವರೆಗೆ ಕೂರುತ್ತಿದ್ದ. ತಮ್ಮ ಕೇಳಿದ್ದ ಕತ್ತಲೆ ಅದು. ಕೊಟ್ಟಾಗಿದೆ, ಇನ್ನು ಬರುವುದಿದ್ದರೆ ಬರಲಿ. ಕೆಳಗೆ ಆಗಾಗ ರಸ್ತೆಯಾಚೆ ಕಾರೊಂದು ನಿಲ್ಲುವ ಸದ್ದಾಗುತ್ತಿತ್ತು. ಹೋಟೆಲು ಮುಚ್ಚಿದ್ದು ಕಂಡು ಹೊರಟುಹೋಗುವ ಗಿರಾಕಿಗಳು ಎಂದುಕೊಳ್ಳುತ್ತಿದ್ದ.

ಈ ವರ್ಷ ಜನವರಿಯ ಒಂದು ಬೆಳಿಗ್ಗೆ ಸುಶಾಂತ್ ತೋಟದಲ್ಲಿ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ನಲವತ್ತೆರಡು ವರ್ಷ. ಉಮಾನಾಥ ಓಡಿ ಬಂದಾಗ ಜಗಲಿಯಲ್ಲಿ ಮಲಗಿಸಿದ್ದರು. ಐದು ವರ್ಷದಲ್ಲಿ ತಮ್ಮನ ಕಿವಿಯ ಮೇಲಿನ ಕೂದಲು ಬೆಳ್ಳಗಾದದ್ದು ಅವನಿಗೆ ಗೊತ್ತೇ ಇರಲಿಲ್ಲ. ಅಳಲೂ ಆಗದೆ ಅದನ್ನೇ ನೋಡುತ್ತ ನಿಂತಿದ್ದ.

ಹದಿಮೂರನೆಯ ದಿನದ ಊಟ ಮುಗಿದು, ಬಂದವರು ಒಬ್ಬೊಬ್ಬರೇ ಹೊರಟ ಮೇಲೆ ಶರಣ್ಯಾ ಅವನನ್ನು ಕರೆದಳು.

“ಭಾವ, ಒಂದ್ ಗಳ್ಗಿ ಹಿತ್ಲಿಗ್ ಬನಿ.”

ಹಿತ್ತಲಲ್ಲಿ ಹಂಚಿನ ಮಾಡಿನ ಕೆಳಗೆ ಗೊಬ್ಬರದ ಚೀಲ ಮುಚ್ಚಿಕೊಂಡು ಕಾಲು ನಿಂತಿತ್ತು. ಅಂಗಳದ ನಡುವೆ ಮೂರು ಚಪ್ಪಡಿ ಕಲ್ಲು ಹೂತಿದ್ದವು. ಪ್ರತಿ ಕಲ್ಲಿನ ನಡುವೆಯೂ ಕಾಲಿನ ತುದಿ ಕೂರುವಷ್ಟು ಒಂದು ಗುಳಿ. ಉತ್ತರದ ಬೇಲಿಯ ಬದಿಗೆ ಕಾಯಿ ಬಿಡುವ ಒಳ್ಳೆಯ ತೆಂಗಿನ ಮರವನ್ನು ಕಡಿದ ಬುಡವಿತ್ತು. ಧ್ರುವ ನಕ್ಷತ್ರ ನಮ್ಮ ಕಡೆ ತೀರ ತಗ್ಗಿನಲ್ಲಿ ಇರುವುದು. ಮರ ಅದಕ್ಕೆ ಅಡ್ಡವಾಗಿತ್ತು ಎಂದು ಯಾರೂ ಹೇಳದೆಯೇ ಉಮಾನಾಥನಿಗೆ ತಿಳಿಯಿತು. ಕೊಳವೆಯೇ ಇಲ್ಲದವನಿಗೆ ಧ್ರುವ ನಕ್ಷತ್ರ ಯಾಕೆ ಬೇಕಿತ್ತು ಎಂಬುದು ಮಾತ್ರ ತಿಳಿಯಲಿಲ್ಲ.

“ಇವ್ರ್ ಚಳಿಗಾಲ್ದಗೆ ಪ್ರತಿ ಅಮಾಸಿಗೂ ಇದನ್ನ್ ಹೊರ್ಗ್ ಇಡ್ತಿದ್ರ್” ಎಂದಳು ಶರಣ್ಯಾ. “ಮೇಲೆ ಎಂತದೂ ಇಲ್ಲೆ, ಬರೀ ಕಾಲ್. ಮೋಟ್ರ್ ಹಾಕಿ ಎರಡ್ ಗಂಟಿ ಬುಡ್ದಗೇ ಕೂಕಂತಿದ್ರ್. ಎಂತ ಕಾಂತ್ರಿ ಕೇಂಡ್ರೆ, ಕಾಂಬುಕಲ್ಲ, ಇದಕ್ಕೆ ದಾರಿ ಮರ್ತ್ ಹೋಪುಕಾಗ, ಅಣ್ಣಯ್ಯ ಪೈಪ್ ತಕಂಡ್ ಬಂದ್ರೆ ಕೂಡ್ಲೇ ಕೂರ್ಸುಕಾಯ್ಕ್ ಅಂದೇಳಿ ಹೇಳ್ತಿದ್ರ್.”

ದಾರಿ ಮರೆಯದಿರಲೆಂದು, ಅಣ್ಣ ಕೊಳವೆ ತರುವ ದಿನಕ್ಕೆಂದು, ಖಾಲಿ ಕಾಲು ಏನನ್ನೂ ಹೊರದೆ, ಕಾಣದ ಕುದುರೆಯ ಹಿಂದೆ ಕಿರ್ ಎಂದು ತಿರುಗುತ್ತಿದ್ದುದು ಉಮಾನಾಥನ ಕಣ್ಣಿಗೆ ಕಟ್ಟಿತು. ಅದೇ ಹೊತ್ತಿಗೆ ತಾನು ತ್ರಾಸಿಯಲ್ಲಿ ಕೊಳವೆ ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದುದು ನೆನಪಾಯಿತು. ಅವನಿಗೆ ದುಃಖದ ಜೊತೆ ಸಿಟ್ಟೂ ಬಂತು.

“ಒಂದ್ ಸರ್ತಿ ಬಪ್ಪುಕಾತ್ತಿರ್ಲಿಲ್ಯಾ ಅವ್ನಿಗೆ?”

“ಬಂದಿದ್ರ್ ಭಾವ. ಎರಡ್ ಸರ್ತಿ. ಇದನ್ನ್ ಕಾರಂಗೆ ಹಾಕ್ಕಂಡೇ ಬಂದಿದ್ರ್.” ಅವಳು ಸೆರಗಿನಿಂದ ಕಾಲಿನ ಮೇಲಿನ ಧೂಳು ಒರೆಸಿದಳು. “ಹೋಟ್ಲ್ ಬಾಗ್ಲ್ ಹಾಕಿತ್ತಂಬ್ರ್. ಬೋರ್ಡೂ ಇಲ್ಲೆ, ಹಿಂದಿನ ಮನಿಯಂಗೂ ದೀಪ ಇಲ್ಲೆ, ಎಲ್ಲಾ ಕತ್ಲಿ. ರಸ್ತಿ ಆಚಿಗೆ ಕಾರ್ ನಿಲ್ಸ್‌ಕಂಡ್ ತುಂಬ ಹೊತ್ತ್ ಕಾದ್ರಂಬ್ರ್. ಅಣ್ಣಯ್ಯ ಊರಂಗಿಲ್ಲೆ ಕಾಂತ್ ಅಂದೇಳಿ ತಿರ್ಗಿ ಬಂದ್ರ್. ಫೋನ್ ಮಾಡಿ ಅಂದೆ. ಫೋನಂಗೆ ಮಾತ್ ಬತ್ತಿಲ್ಲೆ, ಮುಖ ಕಂಡ್ರೆ ಬತ್ತ್ ಅಂದ್ರ್.”

ಯಾವ ದಿನ ಬಂದಿದ್ದ ಎಂದು ಉಮಾನಾಥ ಕೇಳಿದ. ಉತ್ತರ ಗೊತ್ತಿದ್ದೇ ಕೇಳಿದ. ಅಮಾವಾಸ್ಯೆ ದಿನವೇ, ಬೇರೆ ದಿನ ಇದಕ್ಕೇನು ಕೆಲಸ ಎಂದಳು ಶರಣ್ಯಾ.

ಅವನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತ. ತಿಂಗಳಿನ ಮೂವತ್ತು ದಿನದಲ್ಲಿ ಇಪ್ಪತ್ತೊಂಬತ್ತು ದಿನ ಬೋರ್ಡು ಉರಿಯುತ್ತಿತ್ತು, ಆ ದಿನಗಳಲ್ಲಿ ತಮ್ಮನಿಗೆ ಬರುವ ಕಾರಣವಿರಲಿಲ್ಲ. ಬರುವ ಒಂದು ದಿನ ದೊಡ್ಡ ಮನಸ್ಸು ಮಾಡಿ ಇವನು ಕತ್ತಲೆ ಮಾಡಿಟ್ಟು ಕೂತಿದ್ದ. ತಾರಸಿಯ ತುದಿಗೆ ನಾಲ್ಕು ಹೆಜ್ಜೆ ಹೋಗಿ ಕೆಳಗೆ ಬಗ್ಗಿ ನೋಡಿದ್ದರೆ ಸಾಕಿತ್ತು. ಒಂದು ಬೀಡಿ ಹಚ್ಚಿದ್ದರೂ ಸಾಕಿತ್ತು. ಹೆಗಲ ಮೇಲಿನ ಬೈರಾಸನ್ನು ಮುಖಕ್ಕೆ ಒತ್ತಿಕೊಂಡು ಹೆಂಗಸರಂತೆ, ಮಕ್ಕಳಂತೆ, ಸದ್ದು ಮಾಡಿ ಅತ್ತ. ತಮ್ಮನನ್ನು ನೆನೆದು ಅಳುತ್ತಿದ್ದಾರೆ ಎಂದು ಶರಣ್ಯಾ ಸಮಾಧಾನ ಹೇಳಿದಳು. ಅಂದು ತಾನು ಮೇಲೆಯೇ ಇದ್ದೆ ಎಂದು ಅವಳಿಗೆ ಹೇಳಲು ಅವನಿಂದಾಗಲಿಲ್ಲ.

ಮುಂದಿನ ಅಮಾವಾಸ್ಯೆ ಫೆಬ್ರವರಿಯಲ್ಲಿ ಬಂತು. ಸಂಜೆಗೇ ಉಮಾನಾಥ ಕೊಳವೆಯನ್ನೂ ಕ್ಯಾಮೆರಾವನ್ನೂ ಬೆಡ್‌ಶೀಟಿನಲ್ಲಿ ಸುತ್ತಿ ಬೈಂದೂರಿಗೆ ಹೊರಟ. ಹಿತ್ತಲಲ್ಲಿ ಕಾಲನ್ನು ಎತ್ತಿ ಮೂರು ಕಲ್ಲಿನ ಮೇಲಿಟ್ಟ. ಟಕ್ಕೆಂದು ಗುಳಿಯಲ್ಲಿ ಕೂತಿತು. ಧ್ರುವ ನಕ್ಷತ್ರಕ್ಕೆ ಹೊಂದಿಸುವುದು ಅವನಿಗೆ ಎಂದೂ ಬಂದದ್ದಿಲ್ಲ. ಮಂಡಿಯೂರಿ ನೋಡಿದರೆ, ಹೊಂದಿಸಲು ಏನೂ ಉಳಿದಿರಲಿಲ್ಲ. ಕೊಳವೆ ಕೂರಿಸಿ ತಿರುಪು ಬಿಗಿದ. ಕಾಲಿಗೆ ಸಿಕ್ಕಿಸಿದ್ದ ರಿಮೋಟಿನಲ್ಲಿ ಕೊನೆಯ ಸಲದ ಗುರುತು ಹಾಗೆಯೇ ಇತ್ತು. ಗುಂಡಿ ಒತ್ತಿದ್ದೇ ಕಾಲು ತಾನಾಗಿ ಕೊಳವೆಯನ್ನು ಎತ್ತಿ, ನೆತ್ತಿಯ ಕಡೆಗೆ ತಿರುಗಿಸಿ, ಮೂರು ನಕ್ಷತ್ರಗಳ ಹತ್ತಿರ ಒಯ್ದು ನಿಲ್ಲಿಸಿತು. ಅದು ದಾರಿ ಮರೆತಿರಲಿಲ್ಲ.

ಕ್ಯಾಮೆರಾ ತೆರೆದು, ಅದುರಬಾರದೆಂದು ಒಗೆಯುವ ಕಲ್ಲಿನ ಮೇಲೆ ಕೂತ. ಎದುರಿಗೆ ಅಂಗಳ ಖಾಲಿ. ಐದು ನಿಮಿಷ ಇಷ್ಟು ಉದ್ದವೆಂದು ಅವನಿಗೆ ಯಾವತ್ತೂ ಅನಿಸಿದ್ದಿಲ್ಲ. ಐದು ವರ್ಷದ ಮಾತು ಬಾಯಿಯ ತನಕ ಬಂದು ನಿಂತಿತ್ತು. ಕೇಳುವವನಿರಲಿಲ್ಲ.

ಫೋಟೋ ಬಂತು. ಒಂದೊಂದು ನಕ್ಷತ್ರವೂ ಗುಂಡಗೆ. ತೆಳ್ಳಗಿನ ಕೆಂಪಿನ ಮುಂದೆ ಕುದುರೆ ಕತ್ತು ಚಾಚಿತ್ತು. ಇಷ್ಟು ಸರಿಯಾದದ್ದನ್ನು ಅವರಿಬ್ಬರೂ ಕೂಡಿ ಒಮ್ಮೆಯೂ ತೆಗೆದಿರಲಿಲ್ಲ. ಇನ್ನೊಂದು ತೆಗೆಯಲು ಅವನಿಗೆ ಕೈ ಬರಲಿಲ್ಲ.

ಕಾಲನ್ನು ಕೊಂಡುಹೋಗಿ ಎಂದು ಶರಣ್ಯಾ ಹೇಳಿದಳು. ಉಮಾನಾಥ ಕೊಳವೆಯನ್ನು ಬಿಚ್ಚಲಿಲ್ಲ. ಎರಡನ್ನೂ ಹಾಗೆಯೇ ಎತ್ತಿ ಮಾಡಿನ ಕೆಳಗಿಟ್ಟು, ಮೇಲೆ ತಾನು ತಂದ ಬೆಡ್‌ಶೀಟು ಹೊದಿಸಿದ. ಎರಡೂ ಇಲ್ಲೇ ಇರಲಿ, ಬೇರೆ ಮಾಡುವುದು ಬೇಡ ಎಂದ.

ತ್ರಾಸಿಗೆ ಬರುವಾಗ ಒಂಬತ್ತು ಹೊಡೆದಿತ್ತು. ಹರಕೆಯ ದಿನವೆಂದು ಕೆಲಸದವರು ಎಂದಿನಂತೆ ಶಟರು ಎಳೆದು ಹೋಗಿದ್ದರು. ಉಮಾನಾಥ ಬೀಗ ತೆಗೆದು, ಶಟರು ಎತ್ತಿ, ಒಳಗಿನ ದೀಪಗಳನ್ನೆಲ್ಲ ಹಾಕಿದ. ಅಂಗಳದ್ದನ್ನು ಹಾಕಿದ. ಕೊನೆಗೆ ಬೋರ್ಡಿನದು. ಕೌಂಟರಿನ ಕುರ್ಚಿಯನ್ನು ಹೊರಗೆ ಎಳೆದು ತಂದು ಬೋರ್ಡಿನ ನೇರ ಕೆಳಗೆ, ರಸ್ತೆಗೆ ಎದುರಾಗಿ ಕೂತ. ಆಚೆ ಬದಿಯಲ್ಲಿ ಕಾರು ನಿಲ್ಲಿಸಿ ನೋಡುವವರಿಗೆ ಅವನ ಮುಖ ಚೆನ್ನಾಗಿ ಕಾಣುತ್ತಿತ್ತು.