ಮೊದಲ ನಾಲ್ಕು ಸಾಲು

ಬ್ಯಾಂಡು ಕಟ್ಟುವುದೆಂದರೆ ಮುಕ್ಕಾಲು ಪಾಲು ಜಾಗ ಹುಡುಕುವ ಕೆಲಸ ಎಂಬುದು ಆ ಮೂವರಿಗೆ ಬ್ಯಾಂಡು ಕಟ್ಟಿದ ಮೇಲೆ ತಿಳಿಯಿತು. ಗಿಟಾರಿನವನ ಮನೆಯಲ್ಲಿ ಅಜ್ಜಿಗೆ ತಲೆನೋವು. ಡ್ರಮ್ಮಿನವನ ಮನೆಯಲ್ಲಿ, ಕೆಳಗಿನ ಮನೆಯವರು ಪೊರಕೆಯ ಹಿಡಿಯಿಂದ ಸೂರನ್ನು ಕುಟ್ಟುತ್ತಿದ್ದರು. ಅದೂ ತಾಳ ತಪ್ಪಿ ಎಂದು ಅವನ ದೂರು. ಕೊನೆಗೆ ಹಾಡುವವಳ ಅಪ್ಪನ ಫ್ರಿಜ್ ರಿಪೇರಿ ಶೆಡ್ಡೇ ಗತಿಯಾಯಿತು.

ಅಪ್ಪ ಒಂದೇ ಷರತ್ತು ಹಾಕಿದ. ರಿಪೇರಿಯಾದ ಫ್ರಿಜ್ಜುಗಳನ್ನು ಹಿಂದಿನ ಗೋಡೆಗೆ ಸಾಲಾಗಿ ನಿಲ್ಲಿಸಿ, ಗಿರಾಕಿಗೆ ಕೊಡುವ ಮುಂಚೆ ಎರಡು ದಿನ ಓಡಿಸಿ ನೋಡುವುದು ಅವನ ಪದ್ಧತಿ. "ಅವುಗಳ ಸ್ವಿಚ್ ಮುಟ್ಟಿದ್ರೋ, ಅವತ್ತಿಗೆ ನಿಮ್ಮ ಬ್ಯಾಂಡು ಬಂದ್."

ಗಿಟಾರಿನವನ ಗಲ್ಲದ ಮೇಲೆ ಬೆರಳಲ್ಲಿ ಎಣಿಸುವಷ್ಟು ಕೂದಲು ಮೂಡಿದ್ದರಿಂದ ಅವನು ಗಡ್ಡ. ಕೈಗೆ ಸಿಕ್ಕಿದ್ದನ್ನೆಲ್ಲ ಬಾರಿಸುತ್ತಿದ್ದವನು ಡಬ್ಬ. ಹಾಡುವವಳು ಬಾಯಿ ತೆರೆದರೆ ಬೀದಿಯ ಕೊನೆಗೂ ಕೇಳುತ್ತಿತ್ತು, ಹಾಗಾಗಿ ಸೈರನ್.

ಅವರ ಹತ್ತಿರ ಸ್ವಂತದ್ದೆಂದು ಒಂದೇ ಹಾಡಿತ್ತು. ಅದರ ಮೊದಲ ನಾಲ್ಕು ಸಾಲನ್ನು ಸೈರನ್ ಒಬ್ಬಳೇ, ಯಾವ ವಾದ್ಯದ ಆಸರೆಯೂ ಇಲ್ಲದೆ ಹಾಡಬೇಕು. ಐದನೆಯ ಸಾಲಿಗೆ ಗಿಟಾರು ಬಂದು ಕೂಡಿಕೊಳ್ಳುತ್ತದೆ. ಶೆಡ್ಡಿನಲ್ಲಿ ಅದು ಒಮ್ಮೆಯೂ ತಪ್ಪಿರಲಿಲ್ಲ. ದಿನವೂ ಅಭ್ಯಾಸಕ್ಕೆ ಮುಂಚೆ ಅವಳು "ಆ" ಎನ್ನುವಳು. ಗಡ್ಡ ಒಂದು ತಂತಿಯನ್ನು ಅದಕ್ಕೆ ಹೊಂದಿಸಿ, ಉಳಿದವನ್ನು ಆ ತಂತಿಗೆ ಹೊಂದಿಸುವನು. ಫೋನಿನಲ್ಲಿ ಶ್ರುತಿ ತೋರಿಸುವ ಆ್ಯಪ್ ಇದೆಯಲ್ಲ ಎಂದು ಡಬ್ಬ ಒಮ್ಮೆ ಹೇಳಿದಾಗ ಗಡ್ಡನಿಗೆ ಅವಮಾನವಾದಂತಾಯಿತು. "ಇವಳ ಗಂಟಲಲ್ಲೇ ಶ್ರುತಿ ಇದೆ ಕಣೋ. ಅಂಥೋರು ಲಕ್ಷಕ್ಕೊಬ್ಬರು."

ಸೈರನ್‌ಗೆ ಯಾವ ವಾದ್ಯವೂ ಬರುತ್ತಿರಲಿಲ್ಲ. ಬ್ಯಾಂಡಿನಲ್ಲಿ ತನ್ನ ಜಾಗ ಎಂದು ಅವಳು ಹೇಳಿಕೊಳ್ಳಬಹುದಾಗಿದ್ದದ್ದು ಅದೊಂದೇ. ಕನ್ನಡಿಯ ಮುಂದೆ ನಿಂತಾಗ, ಲಕ್ಷಕ್ಕೊಬ್ಬಳು ಹೇಗಿರುತ್ತಾಳೆ ಎಂದು ಕತ್ತು ತಿರುಗಿಸಿ ನೋಡಿಕೊಂಡದ್ದೂ ಉಂಟು.

ಹೊಸಬರ ಬ್ಯಾಂಡುಗಳಿಗೆಂದು ಊರಿನ ಸಭಾಂಗಣದವರು ಒಂದು ಸಂಜೆ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಅದಕ್ಕೆ ಬ್ಯಾಂಡುಗಳನ್ನು ಆಯ್ಕೆ ಮಾಡುವ ದಿನಕ್ಕೆ ಮುಂಚೆ ಎಲ್ಲರಿಗೂ ಒಮ್ಮೆ ವೇದಿಕೆ ಹತ್ತಿ ನುಡಿಸಿ ನೋಡುವ ಅವಕಾಶವಿತ್ತು. ಖಾಲಿ ಕುರ್ಚಿಗಳ ಎದುರು ಸೈರನ್ ನಾಲ್ಕು ಸಾಲು ಹಾಡಿದಳು. ಚೆನ್ನಾಗಿಯೇ ಹಾಡಿದಳು. ಐದನೆಯ ಸಾಲಿಗೆ ಗಿಟಾರು ಬಂದಾಗ, ಇಬ್ಬರು ಬೇರೆ ಬೇರೆ ಊರಿನ ಬಸ್ಸು ಹತ್ತಿದಂತಾಯಿತು. ಮತ್ತೆ ಶುರುಮಾಡಿದರು. ಈ ಸಲ ಇನ್ನೊಂದು ಊರು.

"ಇದೇನು ಹಾಡೋ, ಜಗಳವೋ?" ಎಂದ ಡಬ್ಬ.

ಹೊರಗೆ ಮೆಟ್ಟಿಲ ಮೇಲೆ ಕೂತು ಗಡ್ಡ ಶೂಸಿನ ದಾರ ಬಿಚ್ಚಿದ, ಕಟ್ಟಿದ. "ನಮ್ಮತ್ತೆ ಮಗಳು ಹಾಡ್ತಾಳೆ. ಕೀಬೋರ್ಡೂ ಬರುತ್ತೆ. ಆಯ್ಕೆ ದಿನ ಬಂದು ಸುಮ್ನೆ ಕೂತಿರು ಅಂತೀನಿ. ಅವತ್ತೂ ಹೀಗೇ ಕೈಕೊಟ್ರೆ..."

"ಕೈಕೊಟ್ರೆ ಅವಳು. ಅಷ್ಟೇ ತಾನೆ?" ಎಂದಳು ಸೈರನ್.

"ಬೇಜಾರು ಮಾಡ್ಕೋಬೇಡ."

"ಮಾಡ್ಕೋತೀನಿ."

ಹೆದರಿಕೆಯಿಂದ ಹೀಗಾಯಿತೆಂದು ಅವಳು ಮೊದಲು ಅಂದುಕೊಂಡಳು. ಆದರೆ ಹೆದರಿಕೆಯಿಲ್ಲದ ಜಾಗಗಳಲ್ಲಿ, ಬಚ್ಚಲಲ್ಲಿ, ತಾರಸಿಯ ಮೇಲೆ, ಮಂಚದ ಮೇಲೆ, "ಆ" ಎಂದು ಫೋನಿನಲ್ಲಿ ರೆಕಾರ್ಡು ಮಾಡಿ ಕೇಳಿದಾಗ ಒಂದಕ್ಕೊಂದು ತಾಳೆಯಾಗಲಿಲ್ಲ. ಶೆಡ್ಡಿನಲ್ಲಿ ಮಾಡಿದವು ಮಾತ್ರ ಒಂದೇ ಅಚ್ಚಿನಲ್ಲಿ ತೆಗೆದಂತಿದ್ದವು.

ಮರುದಿನ ಶಾಲೆಯಿಂದ ನೇರ ಶೆಡ್ಡಿಗೆ ಹೋದಳು. ಅಪ್ಪ ಅಂದು ಬೆಳಿಗ್ಗೆ ಫ್ರಿಜ್ಜುಗಳನ್ನು ಗಿರಾಕಿಗಳಿಗೆ ಮುಟ್ಟಿಸಿ ಬಂದಿದ್ದ. ಗೋಡೆಗೆ ಒಂದೇ ಒಂದು ಉಳಿದಿತ್ತು. ಅವಳು ಹಾಡು ಶುರುಮಾಡಿದಳು, ಸರಿಯಾಗಿ ಬಂತು. ಅಷ್ಟರಲ್ಲಿ ಒಳಗೆ ಸಾಕಷ್ಟು ತಂಪಾಯಿತೇನೋ, ಫ್ರಿಜ್ಜು ಮೈ ಕೊಡವಿ ಸದ್ದು ನಿಲ್ಲಿಸಿತು. ಶೆಡ್ಡಿನಲ್ಲಿ ಅಂಥ ಮೌನ ಅವಳು ಕೇಳಿದ್ದೇ ಇಲ್ಲ. ಯಾವಾಗಲೂ ನಾಲ್ಕಾರು ಇರುತ್ತಿದ್ದವು. ಒಂದು ನಿಂತರೆ ಇನ್ನೊಂದು ಗುಂಯ್‌ಗುಡುತ್ತಿತ್ತು. ಅವಳು ಮತ್ತೆ "ಆ" ಎಂದಳು, ಉಸಿರು ಮುಗಿದಾಗಲೆಲ್ಲ ಮತ್ತೆ ಹಿಡಿದಳು. ಫ್ರಿಜ್ಜು ಮತ್ತೆ ಓಡತೊಡಗಿದಾಗ ಅದರ ಸ್ವರ ಒಂದು ಕಡೆ, ಅವಳದು ಇನ್ನೊಂದು ಕಡೆ. ಗಂಟಲು ತಾನಾಗಿಯೇ ಜಾರಿಕೊಂಡು ಹೋಗಿ ಅದರ ಪಕ್ಕ ನಿಂತಿತು.

ಮೋಟಾರು ಯಾವ ಕಂಪನಿಯದಾದರೇನು, ಗೋಡೆಯಿಂದ ಬರುವ ಕರೆಂಟು ಮಿಡಿಯುವ ವೇಗ ಒಂದೇ. ಹಾಗಾಗಿ ಗುಂಯ್‌ಕಾರದ ಶ್ರುತಿಯೂ ಒಂದೇ. ಪಾಠದಲ್ಲಿ ಓದಿದ್ದಳು, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದಳು.

ಅಪ್ಪ ಟೀ ಲೋಟ ಹಿಡಿದು ಒಳಗೆ ಬಂದ. "ಏನೇ, ಫ್ರಿಜ್ಜಿನ ಮುಂದೆ ತಪಸ್ಸು?"

"ಅಪ್ಪಾ, ಇದು ಗುಂಯ್ ಅನ್ನೋದು ನಿಂಗೆ ಕೇಳುತ್ತಾ?"

"ಗುಂಯ್ ಅನ್ನದೇ ಇದ್ದಾಗ ಕೇಳುತ್ತೆ. ಆಗಲೇ ತಾನೆ ಜನ ಇಲ್ಲಿಗೆ ತರೋದು?"

ಅವಳು ಆ ಗುಂಯ್‌ಕಾರವನ್ನು ಫೋನಿಗೆ ಇಳಿಸಿಕೊಂಡಳು. ಒಂದು ಕಿವಿಗೆ ಸಣ್ಣ ಇಯರ್‌ಫೋನು, ಅದರ ಮೇಲೆ ಕೂದಲು. ಯಾರಿಗೂ ತಿಳಿಯುವುದಿಲ್ಲ. ಲಕ್ಷಕ್ಕೊಬ್ಬಳಾಗಿಯೇ ಉಳಿಯಬಹುದು. ಮನೆಯಲ್ಲಿ ಮಾಡಿ ನೋಡಿದಳು. ಕೂದಲೆಳೆಯಷ್ಟೂ ತಪ್ಪಲಿಲ್ಲ.

ಆಯ್ಕೆಯ ದಿನ ವೇದಿಕೆಯ ಪಕ್ಕದ ಕೋಣೆಯಲ್ಲಿ ಅತ್ತೆ ಮಗಳು ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು, ತಾನು ಯಾಕೆ ಬಂದೆ ಎಂಬ ಮುಖ ಮಾಡಿಕೊಂಡು ಕೂತಿದ್ದಳು. ಗಡ್ಡನ ಹಣೆಯಲ್ಲಿ ಬೆವರು.

"ಹೊಸ ತಂತಿ ಹಾಕ್ದೆ. ಎಲ್ಲಾ ಸಡಿಲ ಆಗಿದೆ. ಸೈರನ್, ಬೇಗ ಒಂದು ಶ್ರುತಿ ಕೊಡು."

ಇಯರ್‌ಫೋನು ಕಿವಿಯಲ್ಲೇ ಇತ್ತು. ಫೋನಿನ ಮೇಲೆ ಹೆಬ್ಬೆರಳು ಒತ್ತಿದರೆ ಸಾಕು. ಇವತ್ತು ಒತ್ತಿದರೆ ನಾಳೆಯೂ ಒತ್ತಬೇಕು, ಬ್ಯಾಂಡು ಇರುವವರೆಗೂ ಕಿವಿಯಲ್ಲೊಂದು ಫ್ರಿಜ್ಜು ಇಟ್ಟುಕೊಂಡು ತಿರುಗಬೇಕು ಎಂದು ಅವಳಿಗೆ ಅನಿಸಿತು.

"ನನ್ ಹತ್ರ ಶ್ರುತಿ ಇಲ್ಲ ಕಣೋ," ಎಂದಳು. "ಇದ್ದಿದ್ದೇ ಇಲ್ಲ. ಶೆಡ್ಡಲ್ಲಿ ಫ್ರಿಜ್ ಸದ್ದು ಹಿಡ್ಕೊಂಡು ಹಾಡ್ತಿದ್ದೆ. ನಂಗೂ ಗೊತ್ತಿರಲಿಲ್ಲ. ಮೊನ್ನೆ ಗೊತ್ತಾಯ್ತು. ನೀನೇ ಕೊಡು."

"ನಾನಾ?" ಗಡ್ಡ ಗಿಟಾರನ್ನು ಬೇರೆಯವರ ಮಗುವಿನಂತೆ ಹಿಡಿದುಕೊಂಡ. "ನಿನ್ನ ನೋಡ್ಕೊಂಡು ತಾನೆ ನಾನು ಮಾಡ್ತಿದ್ದಿದ್ದು? ನಂಗೆಲ್ಲಿ ಬರುತ್ತೆ?"

"ಅಂದ್ರೆ ಇಷ್ಟು ದಿನ ಬ್ಯಾಂಡ್ ನಡೆಸಿದ್ದು ಫ್ರಿಜ್ಜು," ಎಂದ ಡಬ್ಬ. "ನಾವು ಮೂರೂ ಜನ ಪಕ್ಕವಾದ್ಯ."

ಅತ್ತೆ ಮಗಳು ಯಾರನ್ನೂ ನೋಡದೆ ಕೀಬೋರ್ಡಿನ ಒಂದು ಕೀಯನ್ನು ಒತ್ತಿ ಹಿಡಿದಳು. ಗಡ್ಡ ಅದಕ್ಕೆ ತಂತಿ ಬಿಗಿದ. ಒಂದಾದ ಮೇಲೊಂದು, ತುಟಿ ಕಚ್ಚಿಕೊಂಡು, ನಿಧಾನವಾಗಿ ಬಿಗಿದ. ಸೈರನ್ ಇಯರ್‌ಫೋನು ತೆಗೆದು ಜೇಬಿಗೆ ಹಾಕಿದಳು.

ಸಭಾಂಗಣದ ಮೇಲ್ವಿಚಾರಕರು ಬಾಗಿಲಲ್ಲಿ ತಲೆ ಹಾಕಿದರು. "ಮುಂದಿನೋರು ನೀವೇನಾ? ಹಾಡೋರು ಯಾರಮ್ಮ? ಮೈಕು ಎತ್ತರ ಮಾಡಬೇಕು."

ಕೋಣೆಯಲ್ಲಿ ಹುಡುಗಿಯರು ಇಬ್ಬರಿದ್ದರು. ಗಡ್ಡ ಒಬ್ಬಳನ್ನು ನೋಡಿದ, ಇನ್ನೊಬ್ಬಳನ್ನು ನೋಡಿದ.

"ಇವಳೇ," ಎಂದ, ಸೈರನ್ ಕಡೆ ಗಲ್ಲ ತೋರಿಸಿ. ಆಮೇಲೆ ತಗ್ಗಿದ ದನಿಯಲ್ಲಿ, "ಆದ್ರೆ ಮೊದಲು ಗಿಟಾರ್ ಬರ್ಲಿ. ನಾಲ್ಕು ಸಾಲು ಒಬ್ಬಳೇ ಬೇಡ."

ಆ ನಾಲ್ಕು ಸಾಲು ಅವಳದಾಗಿತ್ತು. ಅವಳು "ಸರಿ" ಎಂದಳು.

ವೇದಿಕೆಯ ಮೇಲೆ ಗಡ್ಡ ತಂತಿ ಮೀಟಿದ. ಬಾಯಿ ತೆರೆಯುವ ಮುಂಚೆ ಅವಳು ಅದಕ್ಕೆ ಕಿವಿಗೊಟ್ಟು ನಿಂತಳು, ಡಬ್ಬ ಹಿಂದಿನಿಂದ ಗಂಟಲು ಸರಿಮಾಡಿಕೊಳ್ಳುವಷ್ಟು ಹೊತ್ತು. ಗಡ್ಡನ ಎಡಗೈಯ ಕಿರುಬೆರಳು ನಡುಗುತ್ತದೆಂದು, ಅದರ ಸಣ್ಣ ಅದುರು ಸ್ವರದಲ್ಲೂ ಕೇಳುತ್ತದೆಂದು ಅವಳಿಗೆ ಆಗಲೇ ಗೊತ್ತಾದದ್ದು. ಅದು ನಿಲ್ಲುವವರೆಗೆ ಕಾದು, ಹಾಡತೊಡಗಿದಳು.