ನಾಲ್ಕನೆಯ ಕೋಲಿನ ಉಣ್ಣೆ

ಎಲ್ಲಿಂದ ಆರಂಭಿಸಲಿ? ಸಾವಿನಿಂದ ಎಂದರೆ ನೀವು ಕೂಡಲೇ ಮುಖ ಸಪ್ಪಗೆ ಮಾಡುತ್ತೀರಿ. ಬೇಡ. ಬಟ್ಟೆ ಒಣಹಾಕುವ ಹಗ್ಗದಿಂದ ಆರಂಭಿಸುತ್ತೇನೆ.

೧.
ನನ್ನ ಗಂಡ ಸಿದ್ದಲಿಂಗನನ್ನು ಮಣ್ಣು ಮಾಡಿ ಬಂದ ಮೇಲಿನ ಮೊದಲ ಸಾದಾ ಮುಂಜಾನೆ. ಆಳಂದದ ನಮ್ಮ ಓಣಿಗೆ ಹಾಲು ಬಂತು, ನಳದಲ್ಲಿ ನೀರೂ ಬಂತು. ಹಗ್ಗದ ಮೇಲೆ ಅವನ ಎರಡು ಅಂಗಿ. ನಡುವೆ, ಕ್ಲಿಪ್ಪಿಗೆ ಸಿಕ್ಕಿ ತಲೆಕೆಳಗಾಗಿ ತೂಗುವ ನಾಲ್ಕು ಕೋಲು, ತುದಿಗೆ ನೀಲಿ ಉಣ್ಣೆ ಸುತ್ತಿದವು.

"ಏನ್ ಹೊಲಸಾಗಿದ್ವು ಬೇ! ಸಾಬೂನ ಹಚ್ಚಿ ತಿಕ್ಕೀನಿ," ಅಂದರು ಅತ್ತೆ ಗುರುಶಾಂತಮ್ಮ.

(ನಮ್ಮಲ್ಲಿ ಸೂತಕವಿಲ್ಲ. ಅತ್ತೆ ಬಂದವರಿಗೆಲ್ಲ ಇದನ್ನು ಹೇಳುತ್ತಲೇ ಮನೆಯಲ್ಲಿದ್ದುದನ್ನೆಲ್ಲ ತೊಳೆದಿದ್ದರು.)

"ಅವು ಜೇವರ್ಗಿ ಮಂಜರಿ ಅಕ್ಕಾವ್ರವು, ಅತ್ತಿ. ಇವ್ರು ಕೇಳಿ ತಂದಿದ್ರು."

"ಹಂಗಾದ್ರ ಕೊಟ್ಟ ಬಾ. ಮಂದಿ ಸಾಮಾನ ನಮಗ್ಯಾಕ?"

೨.
ಮಂಜರಿ ಸಂಗೀತ ಶಿಕ್ಷಕಿ. ಆಕೆಯ ಮನೆಯಲ್ಲಿ ವೈಬ್ರಫೋನ್ ಇದೆ. ಚೌಕಟ್ಟಿನ ಮೇಲೆ ಸಾಲಾಗಿ ಲೋಹದ ಪಟ್ಟಿಗಳು. ಉಣ್ಣೆ ಸುತ್ತಿದ ಕೋಲಿನಿಂದ ಬಡಿದರೆ ನಾದ ಬಹಳ ಹೊತ್ತು ಉಳಿಯುತ್ತದಂತೆ. ಅಫಜಲಪುರದಲ್ಲಿ ಗಣಿತ ಕಲಿಸುತ್ತಿದ್ದ ಸಿದ್ದಲಿಂಗ ಎರಡು ವರ್ಷ, ಪ್ರತಿ ಶನಿವಾರ ಶಾಲೆ ಮುಗಿಸಿ ಅಲ್ಲಿಗೆ ಹೋದ. ಒಂದೊಂದು ಕೈಯಲ್ಲಿ ಎರಡೆರಡು ಕೋಲು. ಎಡಗೈ ಕಾರ್ಡ್ ಹಿಡಿಯಬೇಕು, ಅಂದರೆ ಸ್ವರಗಳನ್ನು ಒಟ್ಟಿಗೇ ನುಡಿಸಬೇಕು; ಬಲಗೈ ಅದರ ಮೇಲೆ ಜಾಝ್ ಸೋಲೋ ಕಟ್ಟಬೇಕು. ಜೊತೆಗೆ ಯಾರೂ ಬೇಡ, ಒಬ್ಬನೇ ಸಾಕು.

ಮನೆಯಲ್ಲಿ ಊಟದ ಮೇಜಿಗೆ ಟವೆಲ್ ಹಾಸಿ ಅಭ್ಯಾಸ ಮಾಡುತ್ತಿದ್ದ. ನನ್ನ ಪಾಲಿಗೆ ಬಂದದ್ದು ಟವೆಲಿನ ದಪ್ ದಪ್. ನಾದವೆಲ್ಲ ಜೇವರ್ಗಿಯಲ್ಲಿ.

೩.
ಈ ಕಥೆಯ ಮೊದಲ ಡ್ರಾಫ್ಟಿನಲ್ಲಿ ಮಂಜರಿಗೆ ಉದ್ದ ಜಡೆ ಕೊಟ್ಟಿದ್ದೆ, ಸ್ಲೀವ್‌ಲೆಸ್ ಬ್ಲೌಸೂ. ಆಕೆ ಪುಟದೊಳಗಿನಿಂದಲೇ ತಕರಾರು ತೆಗೆದಳು.

"ಯಾಕ ತಂಗೀ, ನಲವತ್ತೆಂಟು ನಡದದ ನನಗ. ಮೊಣಕಾಲ ನೋವದ. ಅದನ್ನ ಬರಿ."

"ಅದನ್ನ ಬರದ್ರ ನನ್ನ ಹೊಟ್ಟೆಕಿಚ್ಚಿಗೆ ಕಾರಣ ಏನ್ ಉಳೀತದ್ರಿ?"

"ಅದು ನಿನಗ ಗೊತ್ತದ."

ಗೊತ್ತು. ಅವನ ತೋರುಬೆರಳು, ನಡುಬೆರಳಿನ ಸಂದಿಯಲ್ಲಿ ಕೋಲು ಉಜ್ಜಿ ಚರ್ಮ ಗಟ್ಟಿಯಾಗಿತ್ತು. ಮಣ್ಣಿಗೆ ಬಂದ ಮಂಜರಿ ನನ್ನ ಕೈ ಹಿಡಿದಾಗ, ಅದೇ ಸಂದಿಯಲ್ಲಿ ಅದೇ ಗಡಸು ನನಗೆ ತಾಗಿತು. ನನ್ನ ಅಳು ನಿಂತುಹೋಯಿತು.

೪. ಮುಕ್ತಾಯಗಳು

ಅ) ಕೋಲುಗಳನ್ನು ಬಚ್ಚಲ ಒಲೆಗೆ ಹಾಕಿದೆ. (ಒಲೆ ಎಲ್ಲಿದೆ? ಗೀಸರ್ ಬಂದು ಆರು ವರ್ಷವಾಯಿತು.)

ಆ) "ಎಲ್ಲಾ ನಿನಗಂತನೇ ಕಲ್ಯಾಕತ್ತಿದ್ದ ತಂಗೀ," ಎಂದು ಮಂಜರಿ ಕಣ್ಣೊರೆಸಿಕೊಂಡಳು. (ಅನ್ನಲಿಲ್ಲ. ನೀವು ಕಾದಿರಿ. ನಾನೂ ಕಾದೆ.)

ಇ) ತೊಳೆದದ್ದರಿಂದ, ಒಣಗುವಷ್ಟರಲ್ಲಿ ಒಂದು ಕೋಲಿನ ಉಣ್ಣೆ ಪೂರಾ ಬಿಚ್ಚಿಹೋಗಿತ್ತು. ನನ್ನ ಹಳೆಯ ಸ್ವೆಟರಿನಿಂದ ಎಳೆ ಬಿಚ್ಚಿ ಅದಕ್ಕೆ ಸುತ್ತಿ ಗಂಟು ಹಾಕಿದೆ. ಬಣ್ಣ ಅದೇ ನೀಲಿ, ಎಳೆ ದಪ್ಪ. ಕಲಬುರಗಿಯಲ್ಲಿ ಬಸ್ ಬದಲಿಸಿ ಜೇವರ್ಗಿಗೆ ಹೋಗಿ ನಾಲ್ಕನ್ನೂ ಆಕೆಯ ಕೈಗಿಟ್ಟೆ.

ಮಂಜರಿ ನಿಂತಲ್ಲೇ ಒಂದು ಕಾರ್ಡ್ ಬಡಿದಳು. ನಾಲ್ಕು ಸ್ವರ. ಮೂರು ಹೊಳೆದವು, ಒಂದು ಮಂಕಾಗಿ, ಕಂಬಳಿ ಹೊದ್ದಂತೆ.

"ಇದರಾಗ ಒಂದು ಬ್ಯಾರೇನೇ ನುಡ್ಯಾಕತ್ತದಲ್ಲ. ಯಾಕ?"

"ಅತ್ತಿ ತೊಳದಾರ್ರಿ," ಅಂದೆ.

ಆಕೆ ನಾಲ್ಕನೆಯ ಕೋಲನ್ನು ಕಣ್ಣಿನ ಹತ್ತಿರ ಹಿಡಿದು, ಗಂಟಿನ ಮೇಲೆ ಉಗುರಿಟ್ಟಳು. ಬಿಚ್ಚಿದಳೋ ಬಿಟ್ಟಳೋ ಎಂದು ಕೇಳಬೇಡಿ. ನಾದ ಇನ್ನೂ ನಿಂತಿರಲಿಲ್ಲ, ನಾನು ಆಗಲೇ ಚಪ್ಪಲಿ ಮೆಟ್ಟಿದ್ದೆ.